ಬೆಂದ ಗೋಧಿ

ಕಫರ್ ಝೈನಾ, ಕೂರಾ ಸೀಮೆ
4 ಆಗಸ್ಟ್ 2000

ತಮ್ಮ ಇಸ್ಬರ್‌ಗೆ ಅಕ್ಕ ನಝೀರಾಳ ಆಶೀರ್ವಾದ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಕೂಗುತ್ತೀಯ, ನಾನು ಇಟ್ಟುಬಿಡುತ್ತೇನೆ, ಆಮೇಲೆ ಇಬ್ಬರೂ ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಕೂರುತ್ತೇವೆ. ಕಾಗದ ಬರೆ. ಕಾಗದದಲ್ಲಿ ಕೂಗಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲ.

ಸುದ್ದಿ ಸೈಪ್ರಸ್‌ಗೂ ಬಂದಿರುತ್ತದೆ. ದಿನವಿಡೀ ಪತ್ರಿಕೆಯ ಕರಡು ತಿದ್ದುವವನಿಗೆ ನಾನೇನು ಹೇಳಲಿ? ಯುದ್ಧದಲ್ಲಿ ಕಾಣೆಯಾದವರೆಲ್ಲ ಸತ್ತಿದ್ದಾರೆಂದು ತಿಳಿಯತಕ್ಕದ್ದು ಎಂದು ಬೈರೂತಿನ ಸರ್ಕಾರದ ಸಮಿತಿ ತೀರ್ಮಾನ ಕೊಟ್ಟಿದೆ. ತಿಳಿಯತಕ್ಕದ್ದಂತೆ! ರೇಡಿಯೋದವನು ಅದನ್ನು ಹವಾಮಾನದ ವರದಿಗೆ ಮುಂಚೆ ಓದಿದ. ನಾನು ಉಪ್ಪಿನಕಾಯಿಗೆ ಎಳೆ ಬದನೆ ಬೇಯಿಸುತ್ತಿದ್ದೆ. ಸೊಸೆ ಲಮ್ಯಾ ಎದ್ದು ಹೋಗಿ ರೇಡಿಯೋ ಆರಿಸಿದಳು. ಮಿತ್ರಿ ರಿಪೇರಿ ಮಾಡಿಟ್ಟು ಹೋದ ರೇಡಿಯೋ ಅದು. ಹದಿನೈದು ವರ್ಷದಲ್ಲಿ ಒಮ್ಮೆಯೂ ಕೆಟ್ಟಿಲ್ಲ. ನನ್ನ ಮಗ ಸತ್ತ ಎಂದು ಅದರ ಬಾಯಲ್ಲೇ ಹೇಳಿಸಿದರು.

ಮರುದಿನ ಪಾದ್ರಿ ಬಾಸಿಲ್ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಕೆಟ್ಟ ಮಾತು ತಂದಾಗಲೆಲ್ಲ ಅವರು ತುದಿಯಲ್ಲೇ ಕೂರುವುದು.

"ಉಮ್ ಮಿತ್ರಿ, ಎಲ್ಲಾ ಮನೆಯವ್ರೂ ಮಾಡ್ತಿದ್ದಾರೆ. ಒಂದು ತಟ್ಟೆ ಗೋಧಿ ಬೇಯ್ಸಿ, ಒಂದು ಪ್ರಾರ್ಥನೆ ಇಟ್ಕೊಳ್ಳಿ. ಹುಡುಗನ ಆತ್ಮಕ್ಕೆ ನೆಮ್ಮದಿ."

"ಅಬೂನಾ, ಅವನ ಹೊಟ್ಟೆಗೆ ಅನ್ನ ಬೀಳ್ತಿದ್ಯೋ ಇಲ್ವೋ ಮೊದ್ಲು ವಿಚಾರ್ಸಿ. ಆತ್ಮದ ವಿಷ್ಯ ಆಮೇಲೆ."

ಅವರು ಗಡ್ಡ ನೀವಿಕೊಂಡು ಹೊರಟುಹೋದರು. ಪಾಪ, ಒಳ್ಳೆಯವರು. ಆದರೆ ಈ ಊರಿನಲ್ಲಿ ನಝೀರಾ ಎಂಬ ಹೆಸರು ಯಾರಿಗೂ ನೆನಪಿಲ್ಲ. ನಾನು ಉಮ್ ಮಿತ್ರಿ, ಮಿತ್ರಿಯ ತಾಯಿ. ಅವನು ಇಲ್ಲವೆಂದರೆ ನಾನು ಯಾರು ಎಂದು ಅವರನ್ನು ಕೇಳಬೇಕಿತ್ತು.

ಈ ಮನೆಯಲ್ಲಿ ಗೋಧಿ ಬೆಂದು ಹದಿನೈದು ವರ್ಷವಾಯಿತು ಎಂಬುದು ನಿನಗೆ ಗೊತ್ತು. ಸತ್ತವರಿಗೆ ಬೇಯಿಸುವ ಗೋಧಿಯಂತೂ ಇಲ್ಲ, ಸಂತ ಬಾರ್ಬರಾಳ ಹಬ್ಬದ ಸಿಹಿ ಗೋಧಿಯೂ ಇಲ್ಲ. ತ್ರಿಪೋಲಿ ರಸ್ತೆಯ ಚೆಕ್‌ಪೋಸ್ಟಿನಲ್ಲಿ ದಮಾಸ್ಕಸ್‌ನ ಸೈನಿಕರು ಅವನನ್ನು ಬಸ್ಸಿನಿಂದ ಇಳಿಸಿಕೊಂಡದ್ದು ಆ ಹಬ್ಬದ ಹಿಂದಿನ ವಾರ. ತಂದಿಟ್ಟಿದ್ದ ಗೋಧಿಯನ್ನು ಕೋಳಿಗಳಿಗೆ ಚೆಲ್ಲಿದೆ. ಓಡಿಹೋಗುತ್ತಿದ್ದ ಬಾರ್ಬರಾಳನ್ನು ಅವಳಪ್ಪನ ಕತ್ತಿಯಿಂದ ಮರೆಮಾಡಲು ಹೊಲದ ಗೋಧಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಳೆತ್ತರ ಬೆಳೆಯಿತಂತೆ. ತ್ರಿಪೋಲಿ ರಸ್ತೆಯ ಎರಡೂ ಕಡೆ ಹೊಲವೇ ಇತ್ತಲ್ಲ, ಇಸ್ಬರ್. ನನ್ನ ಮಗನಿಗೆ ಒಂದು ಗೇಣಾದರೂ ಬೆಳೆಯಬಾರದಿತ್ತೆ?

ಹೀಗೆಂದು ನಾನು ದೇವರನ್ನು ಬಿಟ್ಟಿಲ್ಲ. ಅವನು ಮಾತು ಕೊಟ್ಟಿದ್ದಾನೆ. ಮಿತ್ರಿಯನ್ನು ಹಿಡಿದ ವಾರ ಚರ್ಚಿನಲ್ಲಿ ಓದಿದ ಕೀರ್ತನೆ ನಿನಗೂ ಬಾಯಿಪಾಠ ಇತ್ತು. ಸೆರೆ ಹೋದವರನ್ನು ಅವನು ತಿರುಗಿ ತರುತ್ತಾನೆ, ಅಳುತ್ತ ಬೀಜ ಹೊತ್ತು ಹೋದವನು ನಗುತ್ತ ತೆನೆ ಹೊತ್ತು ಬರುತ್ತಾನೆ. ಅಷ್ಟು ಕೀರ್ತನೆಗಳಿರುವಾಗ ಆ ಭಾನುವಾರ ಅದೇ ಯಾಕೆ ಬಂತು? ಕೊಟ್ಟ ಮಾತನ್ನು ಸಮಿತಿ ಮಾಡಿ ತಿದ್ದುವವನಲ್ಲ ಅವನು.

ನೀನು ಪತ್ರಿಕೆಗೆ ಬರೆ. ನಿನ್ನ ಕೋಪ ನನಗೆ ಉಪಯೋಗಕ್ಕೆ ಬರುವುದು ಅದೊಂದಕ್ಕೇ.

ನಿನ್ನ ಅಕ್ಕ,
ನಝೀರಾ


ನಿಕೋಸಿಯಾ
21 ಆಗಸ್ಟ್ 2000

ಅಕ್ಕಾ,

ಬರೆದೆ. ಮೂರು ಪತ್ರಿಕೆಗೆ ಕಳುಹಿಸಿದೆ. ಒಂದರವರು ಹಾಕಲಿಲ್ಲ, ಇನ್ನೊಂದರವರು ಅರ್ಧ ಹಾಕಿದರು, ಮೂರನೆಯದು ನಾನೇ ಕೆಲಸ ಮಾಡುವ ಪತ್ರಿಕೆ. ಅದರ ಸಂಪಾದಕ ನನ್ನನ್ನು ಕೋಣೆಗೆ ಕರೆದು, "ಇಸ್ಬರ್, ನಿಮ್ಮ ನೋವು ಅರ್ಥ ಆಗುತ್ತೆ" ಎಂದ. ಅಂದರೆ ಹಾಕುವುದಿಲ್ಲ ಎಂದರ್ಥ.

ಸಮಿತಿಯ ಸುದ್ದಿಯ ಕರಡು ನನ್ನ ಮೇಜಿಗೇ ಬಂದಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಸುಳ್ಳನ್ನು ಹೊಡೆದುಹಾಕಲು ನಮ್ಮ ಕೆಲಸದಲ್ಲಿ ಯಾವ ಗುರುತೂ ಇಲ್ಲ, ಅಕ್ಕ. ಸಹಿ ಹಾಕಿ ಮುಂದಕ್ಕೆ ಕಳುಹಿಸಿದೆ.

ಈ ಸರ್ಕಾರದವರು ಕೊಟ್ಟ ಮಾತನ್ನೆಲ್ಲ ನಾನು ಮರೆತಿದ್ದೇನೆಂದು ತಿಳಿದಿದ್ದಾರೆ. ಎಪ್ಪತ್ತಾರರಲ್ಲಿ ನಮ್ಮೊಳಗಿನ ಯುದ್ಧದ ಎರಡೂ ಕಡೆಯವರು ಹಿಡಿದವರನ್ನು ಸಂತೆಯ ಕೋಳಿಗಳಂತೆ ಅದಲುಬದಲು ಮಾಡಿಕೊಂಡರು. ಎಲ್ಲರೂ ಮನೆಗೆ ಬಂದರು ಎಂದು ಘೋಷಿಸಿದರು. ಬಾರದವರ ತಾಯಂದಿರು ಬೀದಿಯಲ್ಲಿ ಕೂತಾಗ ಇನ್ನೊಂದು ವಾರ ಎಂದರು. ಆ ವಾರ ಮುಗಿಯುವುದರಲ್ಲಿ ಎಂಬತ್ತೆರಡು ಬಂತು, ಜೊತೆಗೆ ಹೊರಗಿನ ಸೈನ್ಯವೂ ಬಂತು. ತೊಂಬತ್ತೊಂದರಲ್ಲಿ ಯುದ್ಧ ಮಾಡಿದವರೆಲ್ಲ ಒಂದೇ ಮೇಜಿನ ಸುತ್ತ ಕೂತು ಒಬ್ಬರನ್ನೊಬ್ಬರು ಕ್ಷಮಿಸಿಕೊಂಡರು. ನಿನ್ನನ್ನು ಯಾರಾದರೂ ಕೇಳಿದರಾ? ತೊಂಬತ್ತೈದರಲ್ಲಿ ಕಾನೂನು ತಂದರು: ಮನೆಯವರೇ ಕೋರ್ಟಿಗೆ ಬಂದು, ನಮ್ಮ ಹುಡುಗ ಸತ್ತಿದ್ದಾನೆ ಎಂದು ಬರೆಸಿಕೊಳ್ಳಬಹುದು. ನೋಡಿದೆಯಾ ಜಾಣತನ? ಕೊಂದವನಿಗೆ ಕ್ಷಮೆ ಮೊದಲು, ತನಿಖೆ ಆಮೇಲೆ, ಹೆಣ ಎಂದೂ ಇಲ್ಲ. ಕೊನೆಗೆ ಕೊಲ್ಲುವ ಕೆಲಸವನ್ನು ತಾಯಿಗೇ ವಹಿಸುವುದು. ಈ ಮೇ ತಿಂಗಳಲ್ಲಿ ದಕ್ಷಿಣದ ಸೆರೆಮನೆಯ ಬೀಗ ಜನರೇ ಒಡೆದರಲ್ಲ, ಆಗ ಒಳಗಿನಿಂದ ನಡೆದು ಬಂದವರು ಯಾರು, ತಿಳಿಯತಕ್ಕವರೇ?

ದೇವರ ಮಾತಿನ ವಿಷಯ ನನ್ನ ಹತ್ತಿರ ಎತ್ತಬೇಡ. ನಾನು ಅವನ ಜೊತೆ ಮಾತು ಬಿಟ್ಟಿರುವುದು ನಿನಗೆ ಗೊತ್ತು. ಆದರೆ ಗೋಧಿಯ ವಿಷಯದಲ್ಲಿ ನಾನು ನಿನ್ನ ಕಡೆ. ಪಾದ್ರಿ ಬರಲಿ, ಬಿಷಪ್ಪರೇ ಬರಲಿ, ಒಂದು ಕಾಳೂ ಬೇಯಬಾರದು. ನೀನು ಒಲೆ ಹಚ್ಚಿದ ದಿನ ಇವರು ಗೆದ್ದಂತೆ.

ಲಮ್ಯಾ ಹೇಗಿದ್ದಾಳೆ? ನೀನು ಬದನೆಯ ಬಗ್ಗೆ ಬರೆದಷ್ಟೂ ಅವಳ ಬಗ್ಗೆ ಬರೆಯಲಿಲ್ಲ.

ಇಸ್ಬರ್


ಕಫರ್ ಝೈನಾ
22 ಅಕ್ಟೋಬರ್ 2000

ಇಸ್ಬರ್,

ಆಲಿವ್ ಸುಗ್ಗಿ. ಕೈಯೆಲ್ಲ ಕಪ್ಪಾಗಿದೆ, ಕಾಗದಕ್ಕೆ ಕಲೆಯಾದರೆ ಬಯ್ಯಬೇಡ.

ಈ ವರ್ಷ ಕಾಯಿ ಚೆನ್ನಾಗಿದೆ. ಗಾಣದ ನಖ್ಲೆ ದಿನ ಬಿಟ್ಟು ದಿನ ಬಂದು ನೋಡಿಕೊಂಡು ಹೋಗುತ್ತಾನೆ. ನಿನಗೆ ನೆನಪಿರಬೇಕು, ಉದ್ದನೆಯವನು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವವನು. ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು, ಮಕ್ಕಳಿಲ್ಲ.

"ಉಮ್ ಮಿತ್ರಿ, ನಿಮ್ಮ ಕಾಯಲ್ಲಿ ಎಣ್ಣೆ ಜಾಸ್ತಿ ಕಣಮ್ಮ," ಎನ್ನುತ್ತಾನೆ.

"ಇರೋದೇ ನಾಲ್ಕು ಮರ. ಅದಕ್ಕೆ ಇಷ್ಟು ಸಲ ಬರ್ತೀಯಲ್ಲಪ್ಪ, ಎಣ್ಣೆ ನನ್ನ ಕಾಯಲ್ಲಿಲ್ಲ, ನಿನ್ನ ನಾಲಿಗೇಲಿದೆ."

ನಗುತ್ತಾನೆ. ಕಾಫಿ ಕುಡಿದು ಹೋಗುತ್ತಾನೆ. ಒಳ್ಳೆಯ ಗಾಣದವನು, ನಮ್ಮ ಕಾಯನ್ನು ಬೇರೆಯವರದಕ್ಕೆ ಬೆರೆಸುವುದಿಲ್ಲ.

ಲಮ್ಯಾಳ ಬಗ್ಗೆ ಕೇಳಿದ್ದೆ. ಸೊರಗಿದ್ದಾಳೆ. ರಕ್ತ ಕಡಿಮೆ ಇರಬೇಕೆಂದು ಕುರಿಯ ಲಿವರ್ ತಿನ್ನಿಸುತ್ತಿದ್ದೇನೆ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಮಿತ್ರಿಯ ಅಂಗಿಗಳನ್ನು ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ಮತ್ತೆ ಬೀರುವಿನಲ್ಲಿ ಇಡುವುದು ಅವಳ ಕೆಲಸ. ಈ ಸಲ ನೀಲಿ ಅಂಗಿಯನ್ನು ಸುಟ್ಟುಬಿಟ್ಟಳು. ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು. ಅಂಗಿಯನ್ನು ಮಡಚಿ, ಸುಟ್ಟ ಗುರುತು ಒಳಗೆ ಬರುವಂತೆ ಇಟ್ಟಳು.

ಮದುವೆಯಾಗಿ ಎಂಟೇ ತಿಂಗಳಿಗೆ ಅವನು ಹೋದ. ಅವಳಿಗೆ ಆಗ ಇಪ್ಪತ್ತೆರಡು. ಹುಡುಗಿ ಎಷ್ಟು ಗಟ್ಟಿ ಎಂದರೆ, ಆ ದಿನವೂ ಕಣ್ಣಲ್ಲಿ ನೀರು ಹಾಕಲಿಲ್ಲ. ಅವಳ ನಂಬಿಕೆಯೂ ನನ್ನಷ್ಟೇ ಇದೆ, ದೇವರು ದೊಡ್ಡವನು.

ಹೊಸ ಎಣ್ಣೆ ಕಳುಹಿಸುತ್ತೇನೆ. ಅಲ್ಲಿ ನೀವು ತಿನ್ನುವುದು ಎಣ್ಣೆಯಲ್ಲ, ಎಣ್ಣೆಯ ನೆನಪು.

ನಝೀರಾ


ನಿಕೋಸಿಯಾ
5 ನವೆಂಬರ್ 2000

ಅಕ್ಕಾ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು, ಇದನ್ನು ಓದುವ ಮುಂಚೆ ಕೂತುಕೋ.

ಲಮ್ಯಾಳಿಗೆ ರಕ್ತ ಕಡಿಮೆಯಾಗಿಲ್ಲ. ಅವಳು ಜೂನ್ ತಿಂಗಳಲ್ಲಿ ನನಗೆ ಕಾಗದ ಬರೆದಿದ್ದಳು. ನಾನು ನಿನಗೆ ಹೇಳಲಿಲ್ಲ. ನಖ್ಲೆ ಬರುವುದು ಆಲಿವ್ ನೋಡಲು ಅಲ್ಲ. ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದಾನೆ. ಅವಳ ಮಾತನ್ನೇ ಬರೆಯುತ್ತೇನೆ: "ಮಾವ, ಅತ್ತೆ ಬಾಯಿಂದ 'ಹೋಗು' ಅಂತ ಬರದೆ ನಾನು ಹೋಗಲ್ಲ. ಕೇಳೋಕೆ ನಂಗೆ ಬಾಯಿ ಬರಲ್ಲ. ನೀವು ಕೇಳ್ಬೇಡಿ. ಯಾರಿಗಾದ್ರೂ ಹೇಳ್ಕೋಬೇಕಿತ್ತು, ಅಷ್ಟೆ."

ಕೇಳಬೇಡಿ ಎಂದಳು, ನಾನೂ ಕೇಳಲಿಲ್ಲ. ಬದಲಿಗೆ ಒಂದು ಕಾಳೂ ಬೇಯಿಸಬೇಡ ಎಂದು ನಿನ್ನನ್ನು ಹುರಿದುಂಬಿಸಿ ಬರೆದೆ. ಸರ್ಕಾರದ ಮೇಲಿನ ಸಿಟ್ಟಿಗೆ ಆ ಹುಡುಗಿಯನ್ನು ಸೌದೆ ಮಾಡಿದೆ.

ಮಿತ್ರಿ ಸತ್ತನೆಂದು ಬರೆಸಲು ಕೋರ್ಟಿಗೆ ಹೆಂಡತಿಯೇ ಅರ್ಜಿ ಹಾಕಬಹುದು. ತಾಯಿಯ ಒಪ್ಪಿಗೆಯನ್ನು ಕಾನೂನು ಕೇಳುವುದಿಲ್ಲ. ಲಮ್ಯಾ ಕೇಳುತ್ತಾಳೆ.

ಕೀರ್ತನೆಯ ಮಾತು ನೀನೇ ಎತ್ತಿದೆ, ಹಾಗಾಗಿ ಹೇಳುತ್ತೇನೆ. ಆ ಮಾತು ಕೊಟ್ಟದ್ದು ಬಾಬಿಲೋನಿಗೆ ಸೆರೆ ಹೋದ ಒಂದು ಇಡೀ ಜನಕ್ಕೆ. ಅವರು ತಿರುಗಿ ಬಂದದ್ದು ಎಪ್ಪತ್ತು ವರ್ಷದ ಮೇಲೆ. ಬೇಡಿ ಹಾಕಿಸಿಕೊಂಡು ಹೋದವರು ಬರಲಿಲ್ಲ, ಅಕ್ಕ. ಅವರ ಮೊಮ್ಮಕ್ಕಳು ಬಂದರು. ದೇವರು ಮಾತು ತಪ್ಪಿದನೆಂದು ನಾನು ಹೇಳುತ್ತಿಲ್ಲ. ಆದರೆ ವಾಗ್ದಾನ ಅವನದು. ಅದರ ಮೇಲೆ ವಿಳಾಸ ಬರೆದದ್ದು ನೀನು. ಕಫರ್ ಝೈನಾ, ಚರ್ಚಿನ ಹಿಂದಿನ ಮನೆ, ನಝೀರಾಳ ಕೈಗೆ. ಆ ವಿಳಾಸದಲ್ಲಿ ನಿನ್ನ ಜೊತೆ ಇನ್ನೊಬ್ಬಳೂ ಇದ್ದಾಳೆ. ಅವಳಿಗೆ ದೇವರು ಏನು ಮಾತು ಕೊಟ್ಟಿದ್ದಾನೆಂದು ಎಂದಾದರೂ ಕೇಳಿದ್ದೀಯಾ?

ಸಿಟ್ಟಾಗು. ಆದರೆ ಬರೆ.

ಇಸ್ಬರ್


ನಿಕೋಸಿಯಾ
27 ನವೆಂಬರ್ 2000

ಅಕ್ಕಾ,

ಎಣ್ಣೆ ಬಂತು. ಡಬ್ಬದ ಜೊತೆ ಒಂದು ಚೀಟಿಯಾದರೂ ಇರುತ್ತದೆಂದು ತಳದವರೆಗೂ ಹುಡುಕಿದೆ. ಫೋನ್ ಮಾಡಿದರೆ ಲಮ್ಯಾ ಎತ್ತುತ್ತಾಳೆ, "ಅತ್ತೆ ಚರ್ಚಿಗೆ ಹೋಗಿದ್ದಾರೆ" ಎನ್ನುತ್ತಾಳೆ. ಬೆಳಗ್ಗೆಯೂ ಚರ್ಚು, ಸಂಜೆಯೂ ಚರ್ಚು. ಪಾದ್ರಿ ಬಾಸಿಲ್ ಕೂಡ ಅಷ್ಟು ಹೊತ್ತು ಅಲ್ಲಿ ಇರಲಾರರು.

ಬೈದಾದರೂ ಬರೆ.

ಇಸ್ಬರ್


ಕಫರ್ ಝೈನಾ
5 ಡಿಸೆಂಬರ್ 2000

ಇಸ್ಬರ್,

ಒಂದು ತಿಂಗಳು ಬರೆಯಲಿಲ್ಲ. ಬರೆದಿದ್ದರೆ ನೀನು ಓದಲಾಗದಂಥ ಮಾತು ಬರೆಯುತ್ತಿದ್ದೆ.

ಮೊದಲು ಇದು: ನಾನು ಕುರುಡಿಯಲ್ಲ. ನಾಲ್ಕು ಮರದ ಆಲಿವ್‌ಗೆ ಒಬ್ಬ ಗಂಡಸು ತಲೆ ಬಾಚಿಕೊಂಡು ಬರುವುದಿಲ್ಲ. ಅದನ್ನು ನಿನಗಿಂತ ಮುಂಚೆ ಕಂಡವಳು ನಾನು. ಲಿವರ್ ತಿನ್ನಿಸಿದ್ದು ಸುಳ್ಳಲ್ಲ, ಆದರೆ ಯಾವ ಕಾಯಿಲೆಗೆಂದು ನನಗೆ ಗೊತ್ತಿತ್ತು. ನಾನು ಕಾಣದವಳಂತೆ ಇದ್ದರೆ ಅದು ಇಲ್ಲವಾಗುತ್ತದೆಂದು ಇದ್ದೆ. ಸಮಿತಿಯವರೂ ಹಾಗೇ ತಾನೆ ಮಾಡಿದ್ದು?

ವಿಳಾಸ ಬರೆದೆ, ಹೌದು. ಯಾವ ತಾಯಿ ಬರೆಯುವುದಿಲ್ಲ?

ಈಗ ಮೊನ್ನೆ ನಡೆದದ್ದು ಕೇಳು.

ಕಳೆದ ವಾರ ನಾನು ಅಂಗಳದಿಂದ ಒಳಗೆ ಬರುವಾಗ ಲಮ್ಯಾ ಬೇಳೆ ಆರಿಸುತ್ತ ಹಾಡಿಕೊಳ್ಳುತ್ತಿದ್ದಳು. ಮಕ್ಕಳು ಬಾರ್ಬರಾ ಹಬ್ಬಕ್ಕೆ ಹಾಡುವ ಹಾಡು. ನನ್ನ ನೆರಳು ಬಿದ್ದದ್ದೇ ನಿಲ್ಲಿಸಿದಳು, ಕತ್ತರಿಯಿಂದ ಕತ್ತರಿಸಿದ ಹಾಗೆ. ಅವಳ ತವರಿನಲ್ಲಿ ಆ ಹಬ್ಬವನ್ನು ದೊಡ್ಡದಾಗಿ ಮಾಡುತ್ತಿದ್ದರು. ನಮ್ಮ ಮನೆಗೆ ಬಂದ ಮೇಲೆ ಅವಳು ಆ ಗೋಧಿಯ ಒಂದು ಚಮಚವನ್ನೂ ಬಾಯಿಗಿಟ್ಟಿಲ್ಲ. ಬೇರೆಯವರ ಮನೆಯಲ್ಲಿ ತಿನ್ನಬಹುದಿತ್ತು, ತಿನ್ನಲಿಲ್ಲ. ಇಷ್ಟು ವರ್ಷ ನಾನು ಬಾಗಿಲಲ್ಲಿ ಕಾಣಿಸಿದಾಗಲೆಲ್ಲ ಈ ಮನೆಯಲ್ಲಿ ಎಷ್ಟು ಹಾಡು ನಿಂತಿರಬಹುದು ಎಂದು ಆವತ್ತು ಯೋಚಿಸಿದೆ.

ಅದಕ್ಕೇ ಮೊನ್ನೆ, ಬಾರ್ಬರಾ ಹಬ್ಬದ ಮುನ್ನಾದಿನ, ಅವಳು ದರ್ಜಿಯ ಅಂಗಡಿಗೆ ಕೆಲಸಕ್ಕೆ ಹೋದ ಮೇಲೆ ಗೋಧಿ ತೊಳೆದು ಒಲೆಗಿಟ್ಟೆ. ಹಬ್ಬಕ್ಕೆ, ಇಸ್ಬರ್. ಬರೀ ಹಬ್ಬಕ್ಕೆ. ಸೋಂಪು ಹಾಕಿದೆ, ಸಕ್ಕರೆ ಹಾಕಿದೆ, ದಾಳಿಂಬೆ ಬಿಡಿಸಿಟ್ಟೆ. ಅವಳಿಗೆ ಒಂದು ಬಟ್ಟಲು ಕೊಟ್ಟು, ಹಾಡು ಎನ್ನಬೇಕೆಂದಿದ್ದೆ. ಅದಕ್ಕಿಂತ ಹೆಚ್ಚೇನೂ ನನ್ನ ಮನಸ್ಸಿನಲ್ಲಿರಲಿಲ್ಲ.

ಪಕ್ಕದ ಮನೆಯ ಅಫೀಫೆ ನಾನು ಗೋಧಿ ತೊಳೆಯುವುದನ್ನು ಗೋಡೆಯ ಮೇಲಿಂದ ನೋಡಿದ್ದಾಳೆ. ಸೋಂಪು ಹಾಕುವುದನ್ನು ನೋಡಿಲ್ಲ. ಅಷ್ಟು ಹೊತ್ತು ಗೋಡೆಯ ಹತ್ತಿರ ನಿಲ್ಲಲು ಅವಳಿಗೆ ಪುರುಸೊತ್ತೆಲ್ಲಿ? ಊರಿಗೆ ಹೇಳಬೇಕಲ್ಲ! ಉಮ್ ಮಿತ್ರಿ ಕೊನೆಗೂ ಗೋಧಿ ಬೇಯಿಸಿದಳು, ಒಪ್ಪಿಕೊಂಡಳು, ದೇವರು ಹುಡುಗನಿಗೆ ಕರುಣೆ ತೋರಲಿ.

ಸಂಜೆ ಮುಖವಾಡ ಹಾಕಿಕೊಂಡ ಮಕ್ಕಳು ಡೋಲು ಬಡಿಯುತ್ತ ಅಂಗಳಕ್ಕೆ ನುಗ್ಗಿದವು. ಅವರ ಹಿಂದೆಯೇ ಕಪ್ಪು ಬಟ್ಟೆ ಉಟ್ಟ ಹೆಂಗಸರ ಸಾಲು.

"ಬಾರ್ಬರಾ ಬಂದ್ಳು, ಗೋಧಿ ಕೊಡಿ!" ಎಂದು ಮಕ್ಕಳು.

"ಮುಚ್ರೋ ಬಾಯಿ, ನಾಚ್ಕೆ ಇಲ್ವಾ? ಸಾವಿನ ಮನೆ ಇದು," ಎಂದು ಅಫೀಫೆ.

ತೋಳದ ಮುಖವಾಡದವಳೊಬ್ಬಳು ಕಿಟಕಿಯಲ್ಲಿ ಇಣುಕಿ ಹೇಳಿದಳು: "ಸಾವಿನ ಮನೇಲಿ ದಾಳಿಂಬೆ ಯಾಕೆ ಬಿಡ್ಸಿಟ್ಟಿದ್ದಾರೆ, ಅಫೀಫೆ ಅಜ್ಜಿ?"

ಅಫೀಫೆಯ ಮುಖ ನೋಡಬೇಕಿತ್ತು! ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಗು ಬಂತು, ಸತ್ಯವಾಗಿ. ಇವರನ್ನೆಲ್ಲ ಗದರಿಸಿ ಓಡಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಲಮ್ಯಾ ಬಂದಳು.

ಅವಳು ಹೆಂಗಸರನ್ನು ನೋಡಿದಳು, ಕಪ್ಪು ಬಟ್ಟೆ ನೋಡಿದಳು, ಪಾತ್ರೆಯಿಂದ ಏಳುತ್ತಿದ್ದ ಹಬೆ ನೋಡಿದಳು. ಮಕ್ಕಳನ್ನು ನೋಡಲೇ ಇಲ್ಲ. ಚೀಲವನ್ನು ಅಲ್ಲೇ ಬಿಟ್ಟು, ಬಂದು, ಹೊಸಿಲಲ್ಲಿ ನನ್ನ ಕಾಲ ಬಳಿ ಕೂತು ನನ್ನ ಲಂಗದಲ್ಲಿ ಮುಖ ಹುದುಗಿಸಿದಳು. ಅತ್ತಳು. ಹೇಗೆ ಅತ್ತಳೆಂದರೆ, ಹೆಂಗಸರೆಲ್ಲ ಬಾಯಿಗೆ ಕೈ ಇಟ್ಟುಕೊಂಡು ನಿಂತರು, ಡೋಲು ತಾನಾಗಿ ನಿಂತಿತು. ಅವಳು ಗಟ್ಟಿ ಎಂದು ನಿನಗೆ ಬರೆದಿದ್ದೆನಲ್ಲ. ಬದುಕಿರುವವನಿಗೆ ಅಳಬಾರದು, ಅಪಶಕುನ ಎಂದು ಮೊದಲ ದಿನವೇ ನಾನು ಗದರಿಸಿದ್ದೆ. ಅವಳು ಅಂದಿನಿಂದ ನನ್ನ ಅಪ್ಪಣೆಗೆ ಕಾದಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಎದ್ದಳು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸುವ ಹುಡುಗಿಯಲ್ಲ ಅವಳು. ಮೆಲ್ಲಗೆ ಕೇಳಿದಳು:

"ಅತ್ತೆ, ಕಾಫಿಗೆ ಸಕ್ಕರೆ ಹಾಕ್ಲಾ, ಬೇಡ್ವಾ?"

ನಿನಗೆ ಗೊತ್ತಲ್ಲ. ಹಬ್ಬಕ್ಕೆ ಬಂದವರಿಗೆ ಸಿಹಿ ಕಾಫಿ, ಸಾವಿಗೆ ಬಂದವರಿಗೆ ಕಹಿ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. 'ಇದು ಬಾರ್ಬರಾ ಗೋಧಿ ಕಣೇ' ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅದು ನಿಜವೂ ಆಗಿತ್ತು. ಆ ನಿಜ ಹೇಳಿದರೆ ಅವಳು ಕಣ್ಣೀರನ್ನೆಲ್ಲ ಮತ್ತೆ ಒಳಗೆ ತೆಗೆದುಕೊಂಡು, ನಾಳೆ ಅಂಗಿಗೆ ಇಸ್ತ್ರಿ ಹಾಕುತ್ತಾಳೆ. ಅವಳ ಕಣ್ಣಲ್ಲಿ ನಖ್ಲೆ ಇರಲಿಲ್ಲ, ಇಸ್ಬರ್. ಮಿತ್ರಿಯೇ ಇದ್ದ. ಅವನನ್ನು ಅತ್ತು ಕಳುಹಿಸಿಕೊಡಲು ಅವಳನ್ನು ಯಾರೂ ಬಿಟ್ಟಿರಲಿಲ್ಲ.

"ಸಕ್ಕರೆ ಬೇಡ," ಎಂದೆ.

ಹೆಂಗಸರು ಕೂತರು. ಪಾದ್ರಿ ಬಾಸಿಲ್ ಏದುಸಿರು ಬಿಡುತ್ತ ಬಂದರು. "ಅಬೂನಾ, ಇದರಲ್ಲಿ ಸೋಂಪಿದೆ, ದಾಳಿಂಬೆ ಇದೆ, ನಡೆಯುತ್ತಾ?" ಎಂದು ಕಿವಿಯಲ್ಲಿ ಕೇಳಿದೆ. ಅವರು ಪಾತ್ರೆ ನೋಡಿದರು, ಮುಖವಾಡದ ಮಕ್ಕಳನ್ನು ನೋಡಿದರು, ಅವರಿಗೆಲ್ಲ ಅರ್ಥವಾಯಿತು. "ಗೋಧಿ ಗೋಧಿನೇ, ಉಮ್ ಮಿತ್ರಿ. ಹೆಸರು ಇಟ್ಟಿದ್ದು ನಾವು," ಎಂದು ಪ್ರಾರ್ಥನೆ ಶುರುಮಾಡಿದರು. ಮಕ್ಕಳು ಮುಖವಾಡ ಹಣೆಗೇರಿಸಿಕೊಂಡು ನಿಂತವು. ಆಮೇಲೆ ಒಂದೇ ಪಾತ್ರೆಯಿಂದ ಎಲ್ಲರಿಗೂ ಬಡಿಸಿದೆ. ಅಫೀಫೆ ಎರಡು ಸಲ ಹಾಕಿಸಿಕೊಂಡಳು. ಸತ್ತವರ ಗೋಧಿ ಇಷ್ಟು ರುಚಿಯಾಗಿ ಎಲ್ಲೂ ತಿಂದಿಲ್ಲ ಎಂದಳು.

ನಾನು ಅವನನ್ನು ಸಾಯಿಸಲಿಲ್ಲ. ಅವಳನ್ನು ಬಿಟ್ಟೆ, ಅಷ್ಟೇ. ರಾತ್ರಿ ದೇವರಿಗೆ ಹೇಳಿದೆ: ವಿಳಾಸ ಅಳಿಸಿದ್ದೇನೆ, ಮಾತು ಹಾಗೇ ಇರಲಿ.

ನಝೀರಾ


ನಿಕೋಸಿಯಾ
11 ಡಿಸೆಂಬರ್ 2000

ಅಕ್ಕಾ,

ನಿನ್ನ ಕಾಗದವೂ ಸುದ್ದಿಯೂ ಒಂದೇ ದಿನ ಬಂದವು. ದಮಾಸ್ಕಸ್‌ನವರು ತಮ್ಮ ಸೆರೆಮನೆಗಳಿಂದ ಬಿಡುತ್ತಿದ್ದಾರೆ! ನಮ್ಮವರನ್ನು, ಐವತ್ತು ಜನರನ್ನು, ಇನ್ನೂ ಹೆಚ್ಚು ಎಂದು ಹೇಳುತ್ತಾರೆ. ಸುದ್ದಿಸಂಸ್ಥೆಯ ಹಾಳೆ ಯಂತ್ರದಿಂದ ಇಳಿಯುತ್ತಿರುವಾಗಲೇ ನಾನು ಎಳೆದು ಓದಿದೆ. ಹೆಸರುಗಳಿಲ್ಲ. ಸತ್ತಿದ್ದಾರೆಂದು ತಿಳಿಯತಕ್ಕವರು ಬಸ್ಸು ಹತ್ತಿ ಬರುತ್ತಿದ್ದಾರೆ, ಅಕ್ಕ!

ಫೋನ್ ಮಾಡಿದೆ. ಯಾರೂ ಎತ್ತುತ್ತಿಲ್ಲ. ಮತ್ತೆ ಮಾಡಿದೆ. ಎಲ್ಲಿ ಹೋದಿರಿ ಇಬ್ಬರೂ? ಮಾತಾಡಲು ಯಾರೂ ಇಲ್ಲದೆ ಬರೆಯಲು ಕೂತಿದ್ದೇನೆ. ಈ ಕಾಗದ ತಲುಪುವುದರೊಳಗೆ ಎಲ್ಲ ಮುಗಿದಿರುತ್ತದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಲಮ್ಯಾ ಕೋರ್ಟಿಗೆ ಹೋಗದಂತೆ ತಡೆ. ನಾನು ಬರೆದದ್ದನ್ನೆಲ್ಲ ಮರೆತುಬಿಡು. ಒಂದು ವಾರ, ಒಂದೇ ವಾರ ತಡೆದಿದ್ದರೆ ಏನಾಗುತ್ತಿತ್ತು? ಆ ಕಹಿ ಕಾಫಿಯನ್ನು ಚೆಲ್ಲು. ಬೆಂದ ಗೋಧಿ ಮೊಳೆಯುವುದಿಲ್ಲ, ಅಕ್ಕ; ನೀನು ರೈತನ ಮಗಳು, ನಿನಗೆ ಹೇಳಬೇಕೆ? ಅವನು ಅಂಗಳಕ್ಕೆ ಕಾಲಿಟ್ಟಾಗ ಅಫೀಫೆ ಏನು ಹೇಳುತ್ತಾಳೆ, "ನಿನ್ನ ಗೋಧಿ ತಿಂದಾಯ್ತು, ಮಗಾ, ರುಚಿಯಾಗಿತ್ತು" ಎನ್ನುತ್ತಾಳೆಯೇ?

ನಾನು ದೇವರ ಜೊತೆ ಮಾತು ಬಿಟ್ಟಿದ್ದೇನೆಂದು ನಿನಗೆ ಹೇಳುತ್ತ ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಇಲ್ಲಿ ಗ್ರೀಕರ ಚರ್ಚೊಂದಿದೆ. ಭಾನುವಾರ ಹಿಂದಿನ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ಅವರ ಭಾಷೆ ನನಗೆ ತಿಳಿಯುವುದಿಲ್ಲ. ಹಾಗಾಗಿ ಜಗಳವಾಡುವ ಪ್ರಮೇಯವಿಲ್ಲ. ಪಾದ್ರಿಗೆ ಒಂದು ಹೆಸರು ಕೊಡುತ್ತೇನೆ. ಬದುಕಿರುವವರ ಪ್ರಾರ್ಥನೆಯಲ್ಲಿ ಅವರು ಅದನ್ನು 'ದಿಮಿತ್ರಿ' ಎಂದು ಓದುತ್ತಾರೆ. ಇಷ್ಟು ವರ್ಷ ಒಂದು ಭಾನುವಾರವೂ ತಪ್ಪಿಸಿಲ್ಲ.

ಅವನು ಬಂದರೆ ಫೋನನ್ನು ಅವನ ಕೈಗೇ ಕೊಡು. ನಾನು ಕೂಗುವುದಿಲ್ಲ. ಆಣೆ.

ಇಸ್ಬರ್


ಕಫರ್ ಝೈನಾ
20 ಡಿಸೆಂಬರ್ 2000

ಇಸ್ಬರ್, ನನ್ನ ತಮ್ಮ,

ಅವನು ಬರಲಿಲ್ಲ. ಫೋನಿನಲ್ಲಿ ಲಮ್ಯಾ ನಿನಗೆ ಅಷ್ಟು ಹೇಳಿದಳು. ಉಳಿದದ್ದನ್ನು ನಾನೇ ಬರೆಯುತ್ತೇನೆ ಎಂದಿದ್ದೆ.

ರೇಡಿಯೋದಲ್ಲಿ ಸುದ್ದಿ ಕೇಳಿದ್ದೇ ಲಮ್ಯಾ ಓಡಿಹೋಗಿ ನಖ್ಲೆಯನ್ನು ಕರೆತಂದಳು. ಊರಿನಲ್ಲಿ ಬೈರೂತಿಗೆ ಹೋಗುವಂಥ ವ್ಯಾನ್ ಇರುವುದು ಅವನೊಬ್ಬನ ಹತ್ತಿರ. ಅವನು ಎಣ್ಣೆ ಡಬ್ಬಗಳನ್ನು ಇಳಿಸಿ ನಮ್ಮನ್ನು ಹತ್ತಿಸಿಕೊಂಡ. ಲಮ್ಯಾ ಬೀರುವಿನಿಂದ ಅಂಗಿ ತಂದಿದ್ದಳು, ಬಿಳಿಯದು. ಸುಟ್ಟದ್ದಲ್ಲ. ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಮಡಿಕೆ ಸರಿಮಾಡುತ್ತಿದ್ದಳು. ಅವಳ ಮುಖ ನೋಡಿದಾಗ ನನಗೆ ತಿಳಿಯಿತು: ಕಾಯುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದು ನನ್ನ ಸೊಕ್ಕು.

ಅಲ್ಲಿ ಜನವೋ ಜನ. ಪ್ರತಿ ಹೆಂಗಸಿನ ಕೈಯಲ್ಲೂ ಒಂದು ಫೋಟೋ. ಬಸ್ಸಿನಿಂದ ಇಳಿದವರನ್ನು ನೋಡಿದರೆ, ಇಸ್ಬರ್, ಇಪ್ಪತ್ತರ ಹುಡುಗರಾಗಿ ಹೋದವರು ನಮ್ಮಪ್ಪನಂತಾಗಿ ಇಳಿಯುತ್ತಿದ್ದರು. ಒಬ್ಬನ ತೋಳು ಹಿಡಿದು ಕೇಳಿದೆ: "ಮಿತ್ರಿ ಅಂತ, ಕೂರಾದವ್ನು, ರೇಡಿಯೋ ರಿಪೇರಿ ಮಾಡ್ತಿದ್ದ."

"ಅಮ್ಮಾ, ಅಲ್ಲಿ ನಮಗೆ ಹೆಸರಿರ್ಲಿಲ್ಲ," ಎಂದ. ಆಮೇಲೆ ನನ್ನ ಕೈ ಬಿಡಿಸಿಕೊಳ್ಳದೆ ನಿಂತ. ಅವನನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಅವನ ತಾಯಿ ಹೋದ ವರ್ಷ ತೀರಿಕೊಂಡಳಂತೆ. ನೆರೆಯವರು ಯಾರೋ ಗುಂಪಿನಿಂದ ಕೂಗಿ ಹೇಳಿದರು. ಹೇಳುವ ರೀತಿಯೇ ಅದು? ನಾನು ಮಿತ್ರಿಗೆಂದು ಒಯ್ದಿದ್ದ ರೊಟ್ಟಿ, ಮೊಸರಿನ ಗಡ್ಡೆ, ಆಲಿವ್ ಎಲ್ಲ ಅವನ ಕೈಗಿಟ್ಟೆ. ಲಮ್ಯಾ ಅಂಗಿಯನ್ನು ನೋಡಿದಳು, ನನ್ನನ್ನು ನೋಡಿದಳು, ಅದನ್ನೂ ಕೊಟ್ಟುಬಿಟ್ಟಳು. ಅಲ್ಲೇ ತೊಟ್ಟುಕೊಂಡ. ತೋಳು ಉದ್ದವಾಯಿತು.

ಇನ್ನೊಂದು ಹೇಳಬೇಕು. ಕೊನೆಯ ಬಸ್ಸು ಬಂದಾಗ ನೂಕುನುಗ್ಗಲಿನಲ್ಲಿ ನನ್ನ ಕೈಯ ಫೋಟೋ ಯಾರಿಗೂ ಕಾಣುತ್ತಿರಲಿಲ್ಲ. ತಿರುಗಿ ನೋಡಿದರೆ ಫೋಟೋ ನನ್ನ ಕೈಯಲ್ಲಿಲ್ಲ. ನಖ್ಲೆ ತೆಗೆದುಕೊಂಡಿದ್ದ. ಅವನು ಉದ್ದನೆಯವನಲ್ಲವೆ, ಎರಡೂ ಕೈಯಲ್ಲಿ ಎತ್ತಿ ಎಲ್ಲರ ತಲೆಯ ಮೇಲೆ ಹಿಡಿದಿದ್ದ. ಮಿತ್ರಿ ಇಳಿದರೆ ತನಗೆ ಏನು ತಪ್ಪಿಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಇಳಿದವರು ನೋಡಲಿ ಎಂದು ಫೋಟೋವನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಬಸ್ಸು ಖಾಲಿಯಾಗಿ, ಡ್ರೈವರ್ ಬಾಗಿಲು ಹಾಕಿದ ಮೇಲೂ ಇಳಿಸಲಿಲ್ಲ. ನಾನೇ ಹೋಗಿ, "ಸಾಕಪ್ಪ ಮಗನೇ, ಇಳ್ಸು," ಎಂದೆ. ಮಗನೇ ಎಂಬ ಮಾತು ನಾನು ಯೋಚಿಸಿ ಆಡಿದ್ದಲ್ಲ.

ವಕೀಲರು ಕಾಗದಪತ್ರ ಮುಗಿಯಲು ಬೇಸಿಗೆಯಾಗುತ್ತದೆ ಎಂದಿದ್ದಾರೆ. ಲಮ್ಯಾಳ ತಾಯಿ ಇಲ್ಲ. ಮದುವೆಯ ದಿನ ಆ ಜಾಗದಲ್ಲಿ ನಾನು ನಿಲ್ಲುತ್ತೇನೆ. ನೀನೂ ಬರಬೇಕು. ಆವತ್ತು ಕಾಫಿಗೆ ಸಕ್ಕರೆ ಹಾಕುವವಳು ನಾನೇ. ಗ್ರೀಕರ ಚರ್ಚಿನ ಮಾತು ಓದಿದೆ. ಬದುಕಿರುವವರ ಜೊತೆಯಲ್ಲೇ ಅವನ ಹೆಸರು ಓದಿಸುತ್ತಿರು, ನಿಲ್ಲಿಸಬೇಡ. ಇಲ್ಲಿ ಪಾದ್ರಿ ಬಾಸಿಲ್ ಇನ್ನೊಂದು ಪಟ್ಟಿಯಲ್ಲಿ ಓದುತ್ತಾರೆ. ಎರಡು ಕಡೆಯಿಂದ ಕರೆದರೆ ಎಲ್ಲಿದ್ದರೂ ಕೇಳಿಸುತ್ತದೆ.

ಒಂದು ವಾರ ತಡೆಯಬೇಕಿತ್ತು ಎಂದು ಬರೆದಿದ್ದೀಯ. ತಡೆದಿದ್ದರೆ ಆ ಬಸ್ಸಿನ ಮುಂದೆ ನಿಂತವಳು ಹಳೆಯ ನಝೀರಾ ಆಗಿರುತ್ತಿದ್ದಳು. ಬಸ್ಸು ಖಾಲಿಯಾದಾಗ ದೇವರು ಮಾತು ತಪ್ಪಿದ ಎಂದು ಅಲ್ಲೇ ರಸ್ತೆಯಲ್ಲಿ ಕುಸಿಯುತ್ತಿದ್ದಳು. ನಾನು ಕುಸಿಯಲಿಲ್ಲ. ಅತ್ತದ್ದು ನಿಜ, ತುಂಬಾ ಅತ್ತೆ, ಅದು ಬೇರೆ. ನಿನ್ನ ಬಾಬಿಲೋನಿನ ಮಾತನ್ನೂ ಯೋಚಿಸಿದೆ. ಮೊಮ್ಮಕ್ಕಳು ಬಂದರು, ಸರಿ. ಬೇಡಿ ಹಾಕಿಸಿಕೊಂಡು ಹೋದವರಿಗೆ ಕೊಟ್ಟ ಮಾತು? ಅದು ಇನ್ನೂ ದೇವರ ಮೇಲೇ ಇದೆ. ತೀರಿಸುವವನು ಅವನು, ನಾನು ದಿನಾಂಕ ಕೇಳುವುದನ್ನು ಬಿಟ್ಟಿದ್ದೇನೆ. ಸಂಜೆ ರಸ್ತೆಯ ಕಡೆ ನೋಡುವುದನ್ನು ಬಿಟ್ಟಿಲ್ಲ.

ಬಾರ್ಬರಾ ಹಬ್ಬದಂದು ಒಂದು ಹಿಡಿ ಗೋಧಿಯನ್ನು ಬೇಯಿಸದೆ ಎತ್ತಿಟ್ಟು, ನಮ್ಮಮ್ಮ ಮಾಡುತ್ತಿದ್ದ ಹಾಗೆ ತಟ್ಟೆಯಲ್ಲಿ ಹತ್ತಿ ಹಾಸಿ ಬಿತ್ತಿದ್ದೆ, ಕ್ರಿಸ್‌ಮಸ್ ಗೋದಲಿಯ ಮುಂದೆ ಇಡಲು. ಈಗ ಬೆರಳುದ್ದ ಬಂದಿದೆ, ಹಸಿರೆಂದರೆ ಹಸಿರು. ಲಮ್ಯಾ ದಿನವೂ ನೀರು ಚಿಮುಕಿಸುತ್ತ ಹಾಡುತ್ತಾಳೆ. ನಾನು ಒಳಗೆ ಬಂದರೂ ನಿಲ್ಲಿಸುವುದಿಲ್ಲ.

ಬೆಂದ ಗೋಧಿ ಮೊಳೆಯುವುದಿಲ್ಲ ಎಂದು ನನಗೆ ಪಾಠ ಹೇಳಿದ್ದೀಯ. ಮೊಳೆಯುವುದನ್ನು ಮೊಳೆಸಲು ದೇವರು ಯಾಕೆ ಬೇಕು, ಇಸ್ಬರ್? ಅದಕ್ಕೆ ಹತ್ತಿ ಸಾಕು, ಒಂದು ಬೊಗಸೆ ನೀರು ಸಾಕು. ಅವನು ಮಾತು ಕೊಟ್ಟಿರುವುದು ಬೆಂದದ್ದಕ್ಕೆ.

ನಿನ್ನ ಅಕ್ಕ,
ಮಿತ್ರಿಯ ತಾಯಿ